ಅರ್ಧ ಕೋಯ್ತಾ

ಜನವರಿ ೧೧, ಶನಿವಾರ. ಬೈಲಹೊಂಗಲ

ಬೆಳಗಾವಿ ದವಾಖಾನೆಯಿಂದ ಈಗ ಬಂದೆ. ಸೀರೆಗೆ ಇನ್ನೂ ಫಿನಾಯಿಲ್ ವಾಸನೆ. ಉಣ್ಣಲು ಮನಸ್ಸಿಲ್ಲ. ಬರೆಯದಿದ್ದರೆ ಯಾರಿಗಾದರೂ ಹೊಡೆದೇನು, ಅದಕ್ಕೆ ಬರೆಯುತ್ತಿದ್ದೇನೆ.

ಕೆಂಚವ್ವನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ನೇಸರಗಿ ಹತ್ತಿರದ ಹೊಲದಲ್ಲಿ ಕಬ್ಬಿನ ಹೊರೆ ತಲೆಯ ಮೇಲೆ ಹೊತ್ತು, ಹಲಗೆ ಏರಿ ಟ್ರೇಲರಿಗೆ ಹಾಕುತ್ತಿದ್ದಳು. ಡ್ರೈವರ್ ಹಿಂದೆ ನೋಡದೆ ಗಾಡಿ ಬಿಟ್ಟ. ಹಲಗೆ ಜಾರಿತು, ಹೆಂಗಸು ಬಿದ್ದಳು, ಗಾಲಿ ಹಾಯಿತು.

ನಾನು ಮಂಚದ ಹತ್ತಿರ ಹೋದಾಗ ಅಳುತ್ತಿರಲಿಲ್ಲ. "ಯಶೋಧಕ್ಕಾ, ನನ್ನ ಕೈ ಎಲ್ಲಿ ಒಗದ್ರು ಕೇಳ್ರಿ ಇವರ್ನ. ಹಸರ ಗಾಜಿನ ಬಳಿ ಇದ್ದುವು ಅದರಾಗ, ಹೊಸಾವು," ಅಂದಳು. ನರ್ಸ್ ಮುಖ ತಿರುಗಿಸಿದಳು.

ಹೊರಗೆ ಮುಕಾದಮ ಭೀಮಶಿ ಬೀಡಿ ಸೇದುತ್ತ ನಿಂತಿದ್ದ. ಗ್ಯಾಂಗು ಕಟ್ಟಿ ಕಾರ್ಖಾನೆಗೆ ಮಂದಿ ತರುವವನು ಅವನೇ. ಪರಿಹಾರದ ಮಾತೆತ್ತಿದರೆ ನಕ್ಕ. "ಯಾವ ಕೆಂಚವ್ವ ರೀ ಅಕ್ಕಾರ? ನನ್ನ ಕಡೆ ಲಗಮಪ್ಪಂದು ಒಂದು ಕೋಯ್ತಾ ಐತಿ. ಲಗಮಪ್ಪನ ಕೈಗೇನೂ ಆಗಿಲ್ಲಲ್ಲ."

ಲಗಮಪ್ಪ ಕೆಂಚವ್ವನ ಗಂಡ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕುಡುಗೋಲು. ಮಹಾರಾಷ್ಟ್ರದ ಕಡೆಯಿಂದ ಬಂದ ಮಾತು. ಮಾತಿನ ಬೆನ್ನಿಗೆ ಅಲ್ಲಿಯ ಲೆಕ್ಕವೂ ಬಂದು ನಮ್ಮ ಹೊಲದಲ್ಲಿ ಕೂತಿತು. ಗಂಡ ಹೆಂಡತಿ ಕೂಡಿದರೆ ಒಂದು ಕೋಯ್ತಾ, ಒಬ್ಬರೇ ಆದರೆ ಅರ್ಧ. ಹಂಗಾಮಿನ ಮುಂಗಡ ಕೋಯ್ತಾಕ್ಕೆ, ಬರೆಯುವ ಹೆಸರು ಗಂಡನದು. ಅವನು ಕಡಿಯುತ್ತಾನೆ. ಅವಳು ಕಬ್ಬಿನ ಒಣ ಎಲೆಯ ರವದಿ ಸುಲಿಯುತ್ತಾಳೆ, ಕಟ್ಟುತ್ತಾಳೆ, ಹೊರುತ್ತಾಳೆ, ಏರುತ್ತಾಳೆ, ಇಳಿದು ಬಂದು ಅವನಿಗೆ ರೊಟ್ಟಿ ಬಡಿಯುತ್ತಾಳೆ. ಹಾಜರಿಯಲ್ಲಿ ಮಾತ್ರ ಇಲ್ಲ. ಹಾಗಾದರೆ ಗಾಲಿ ಹಾಯ್ದದ್ದು ಯಾರ ಮೇಲೆ? ಗಾಳಿಯ ಮೇಲೋ?

ಆಕೆಯ ಕೈಯನ್ನು ಆಕೆಯ ಹೆಸರಿಗೇ ಬರೆಸುತ್ತೇನೆ. ಆಗದಿದ್ದರೆ ನಮ್ಮ ಕಬ್ಬು ಕಡಿಯುವವರ ಸಂಘದ ಬೋರ್ಡು ಇಳಿಸಿ ಒಲೆಗೆ ಹಾಕಬೇಕು.

ಜನವರಿ ೧೯, ರವಿವಾರ

ನಮ್ಮ ಅಧ್ಯಕ್ಷರು ವಿರೂಪಾಕ್ಷ ಸರ್ ಕಚೇರಿಗೆ ಬಂದಿದ್ದರು. ಒಕ್ಕಲುತನದ ಮನೆಯವರು, ಸ್ವಂತ ಕಬ್ಬೂ ಇದೆ. ಆದರೂ ತಲೆ ಹಣ್ಣಾಗುವ ತನಕ ಕೂಲಿಯವರ ಪರ ಲಾಠಿ ತಿಂದವರು. ಕೈಯಲ್ಲಿ ಒಂದು ಮರಾಠಿ ಪುಸ್ತಕ. ಕಬ್ಬು ಕಡಿಯುವವರ ಅಪಘಾತಕ್ಕೆ ಪರಿಹಾರ ಕೊಡುವ ಮಹಾರಾಷ್ಟ್ರದ ನಿಯಮ. ನಮ್ಮ ಸೀಮೆಯ ಕಾರ್ಖಾನೆಗಳು ಕೂಡಿ ಅಂಥದೇ ಒಂದು ನಿಧಿ ಮಾಡಲು ಬಾಯಿಮಾತಿಗೆ ಒಪ್ಪಿವೆಯಂತೆ. ನಿಯಮವನ್ನು ನಮ್ಮ ಕಡೆಗೆ ಹೊಂದಿಸಿ ಬರೆದುಕೊಟ್ಟರೆ ಈ ಹಂಗಾಮಿನ ಅಪಘಾತಕ್ಕೂ ಅನ್ವಯ. ಅಂದರೆ ಕೆಂಚವ್ವನೇ ಮೊದಲನೆಯವಳು.

ನನ್ನ ತಾಯಿ ಕೊಲ್ಹಾಪುರದವಳು, ಮರಾಠಿ ನನ್ನ ನಾಲಿಗೆಯ ಮೇಲಿದೆ. ಕಾನೂನು ಓದಿದ್ದೇನೆ, ವಕೀಲಿ ಕೋಟು ಹಾಕಿಲ್ಲ. ಕೆಲಸ ನನ್ನ ಮೇಲೆ ಬಂತು.

ಕೂತ ಜಾಗದಲ್ಲೇ ಓದಿ ಮುಗಿಸಿದೆ. ಅಲ್ಲಿ ಪ್ರತಿಯೊಬ್ಬರನ್ನೂ ಬೇರೆ ಬೇರೆ ಎಣಿಸಿದ್ದಾರೆ, ಹೆಣ್ಣನ್ನೂ. ಬಂಡಿಯ ಎತ್ತು ಸತ್ತರೂ ಪರಿಹಾರ ಇದೆ. ನಾಲ್ಕು ಕಾಲಿನದಕ್ಕೂ ಲೆಕ್ಕವಿದೆ, ನಮ್ಮ ಕಡೆ ಎರಡು ಕಾಲಿನ ಹೆಂಗಸಿಗೆ ಇಲ್ಲ. ಥೂ.

ಗೋಡೆಯ ಮೇಲೆ ಸುಣ್ಣದಲ್ಲಿ ಬರೆದೆ: ಒಂದು ಮೈ, ಒಂದು ಹೆಸರು. ಇದರಲ್ಲಿ ಒಂದು ಅಕ್ಷರ ಬಿಟ್ಟುಕೊಡುವುದಿಲ್ಲ.

ಫೆಬ್ರವರಿ ೩, ಸೋಮವಾರ. ಸವದತ್ತಿ

ಮೊದಲ ಸಭೆ. ಕಾರ್ಖಾನೆಗಳ ಪರವಾಗಿ ಒಬ್ಬ ವಕೀಲ. ಸಕ್ಕರೆ ಮಾರುವವರ ವಕೀಲ, ತನಗೆ ಮಾತ್ರ ಬಿನ್ ಸಕ್ಕರೆ ಚಹಾ ತರಿಸಿಕೊಂಡ. ದನಿ ಏರಿಸುವುದಿಲ್ಲ, ಅದೇ ಅವನ ಕತ್ತಿ. "ಅಕ್ಕಾವರ ಅನುವಾದ ಛಲೋ ಐತ್ರಿ. ಆದರ ನಿಯಮಾ ಅಂದ್ರ ಸಸಿ ಇದ್ದಂಗ. ಬ್ಯಾರೆ ಮಣ್ಣಿಂದ ತಂದ್ರ ನಮ್ಮ ಮಣ್ಣಿಗೆ ಹೊಂದಸಬೇಕಾಗ್ತೈತಿ. ಇಲ್ಲೆ ರೂಢಿ ಕೋಯ್ತಾದ್ದು. ಕಾರ್ಮಿಕ ಅನ್ನೂ ಕಡೆ ಕೋಯ್ತಾ ಅಂತ ಹಾಕ್ರಿ, ನಾವು ನಾಳೆನs ಸಹಿ ಮಾಡ್ತೇವಿ."

ಮೇಜು ಗುದ್ದಿದೆ. ಅವನ ಕಪ್ಪು ಉರುಳಿತು. ನಿಮ್ಮ ರೂಢಿಗೆ ಒಂದು ಕೈ ಬಲಿ ಹೋಗಿದೆ, ಇನ್ನೆಷ್ಟು ಬೇಕು ಅಂದೆ. ಸರ್ ನನ್ನ ಸೆರಗು ಜಗ್ಗಿದರು. ನಾನು ಎದ್ದು ಹೊರಗೆ ಬಂದೆ. ಅಂಗಳದಲ್ಲಿ ಕಾಯುತ್ತಿದ್ದ ಗ್ಯಾಂಗಿನ ಮಂದಿ ಚಪ್ಪಾಳೆ ತಟ್ಟಿದರು. ಬೆಳಗಿನಿಂದ ನೀರು ಸಹ ಕುಡಿದಿರಲಿಲ್ಲ, ಹಸಿವೇ ಗೊತ್ತಾಗಲಿಲ್ಲ.

ಫೆಬ್ರವರಿ ೧೬, ರವಿವಾರ. ನೇಸರಗಿ

ಹೊಲಕ್ಕೆ ಹೋಗಿದ್ದೆ. ಲಗಮಪ್ಪ ಕಡಿಯುತ್ತಿದ್ದ. ಅವನ ಹಿಂದೆ ಸೆರಗು ಬಿಗಿದು ಹೊರೆ ಕಟ್ಟುತ್ತಿದ್ದವಳು ಕೆಂಚವ್ವನ ತಂಗಿ ಪೂನಮ್. ರಾಮದುರ್ಗದಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿ, ಇನ್ನೂ ಮದುವೆಯಿಲ್ಲ. ಅರ್ಧ ಕೋಯ್ತಾಕ್ಕೆ ಕೆಲಸವಿಲ್ಲ, ಮುಂಗಡ ವಾಪಸು ಇಡು ಅಂತ ಭೀಮಶಿ ಹೇಳಿದನಂತೆ. ಲಗಮಪ್ಪ ಹೋಗಿ ನಾದಿನಿಯನ್ನು ಕರೆತಂದ. ಕೈಗಳೆಲ್ಲ ಕಬ್ಬಿನ ಎಲೆಗೆ ಗೀರಿ ಗೀರಿ ರಕ್ತ ಒಸರಿದೆ. ನನ್ನನ್ನು ನೋಡಿ ಸೆರಗಿನೊಳಗೆ ಮುಚ್ಚಿಕೊಂಡಳು.

ಕೆಂಚವ್ವ ಕಬ್ಬಿನ ತುದಿಯ ವಾಡೆ ಹೊದಿಸಿದ ಕೊಪ್ಪಿ ಗುಡಿಸಲೊಳಗೆ ಎಡಗೈಯಿಂದ ರೊಟ್ಟಿ ಬಡಿಯುತ್ತ ಕೂತಿದ್ದಳು. ರೊಟ್ಟಿ ದುಂಡಗಾಗಿರಲಿಲ್ಲ. "ಬರ್ರಿ ಅಕ್ಕಾರ, ಕುಂತ್ರಿ. ನೋಡ್ರಿ ನಮ್ಮ ರೊಟ್ಟಿ, ಸವದತ್ತಿ ತಾಲೂಕಿನ ನಕಾಶಿ ಆಗೇತಿ," ಅಂದು ನಕ್ಕಳು. ಆಮೇಲೆ ನಗು ಬಿಟ್ಟು, ಹಂಚಿನ ಕಡೆ ನೋಡುತ್ತಲೇ ಹೇಳಿದಳು: "ರೊಕ್ಕ ಅವನ ಕೈಯಾಗ ಬಂದ್ರ ಬರ್ಲಿ. ಕೂಡೇ ಉಣ್ಣೂದು ಅಲ್ಲೇನ್ರಿ. ಆದ್ರ ಆ ಕೈ ನಂದಿತ್ತು, ನಾ ದುಡಿಯಾಕಿ ಇದ್ದೆ ಅಂತ ಸರಕಾರದಾಗ ಒಂದು ಕಡೆ ಬರೀಲಿ. ಬರಸ್ತೀರೋ ಇಲ್ಲೋ?"

ಬರೆಸುತ್ತೇನೆ ಅಂದೆ. ಹಿಟ್ಟಿನ ಕೈಯಿಂದ ನನ್ನ ಗದ್ದ ಮುಟ್ಟಿದಳು.

ಮಾರ್ಚ್ ೫, ಬುಧವಾರ

ಎರಡನೇ ಸಭೆ. ಏನೂ ಆಗಲಿಲ್ಲ. ಹಂಗಾಮು ಮುಗಿಯುವುದರೊಳಗೆ ಮಾತು ಮುಗಿಯದಿದ್ದರೆ ನಿಧಿಯೂ ಇಲ್ಲ, ಗಿಧಿಯೂ ಇಲ್ಲ ಅಂತ ವಕೀಲರು ಹೇಳಿದರು. ಬರುವಾಗ ಬಸ್ಸಿನಲ್ಲಿ ಸರ್, ಹಗ್ಗ ಬಾಳ ಬಿಗಿದರೆ ಹರಿಯುತ್ತದೆ ತಂಗೀ ಅಂದರು. ತಲೆನೋವು.

ಮಾರ್ಚ್ ೯, ರವಿವಾರ. ಕಿತ್ತೂರು

ಎಲ್ಲ ಗ್ಯಾಂಗುಗಳ ಸಭೆ. ಹೆಂಗಸರೂ ಬಂದಿದ್ದರು. ಇಬ್ಬರ ಹೆಸರೂ ಬೇರೆ ಬೇರೆ ಬರೆಸೋಣ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಹೋರಾಟಕ್ಕೆ ಹೂಂ ಅನ್ನುತ್ತಾರೆ ಅಂದುಕೊಂಡಿದ್ದೆ.

ಮೊದಲು ಎದ್ದವನು ಲಗಮಪ್ಪ. ಹೆಸರು ಎರಡಾದರೆ ಮುಂಗಡವೂ ಒಡೆಯುತ್ತದೆ, ಹೆಂಡತಿಯ ಪಾಲು ಅಂತ ಮುಕಾದಮ ಕಡಿಮೆ ಮಾಡುತ್ತಾನೆ, ಆಮೇಲೆ ಬರೀ ಗಂಡಸರನ್ನೇ ತರುತ್ತಾನೆ, ನಾವೇನು ಮಾಡೋಣ ಅಂದ. ಅದಕ್ಕೆ ಇನ್ನೂ ಹತ್ತು ದನಿ ಕೂಡಿದವು. ಮುದುಕಿ ಶೆಟ್ಟೆವ್ವ ಎದ್ದು, "ನನ್ನ ಹೆಸರ ಬ್ಯಾರೆ ಬರದ್ರ ನನ್ನ ಗಂಡ ಮನೀನೂ ಬ್ಯಾರೆ ಹಿಡಿ ಅಂತಾನ್ರಿ ಅಕ್ಕಾ," ಅಂದಾಗ ಮಂದಿ ಬಿದ್ದು ಬಿದ್ದು ನಕ್ಕರು.

ಕೈ ಎತ್ತಿ ಅಂದೆ. ಬೇರೆ ಬೇರೆ ಹೆಸರು ಬೇಕು ಅಂತ ಎತ್ತಿದವಳು ಕೆಂಚವ್ವ ಒಬ್ಬಳೇ, ಹಿಂದಿನಿಂದ. ಎಡಗೈ ಎಣಿಸಬೇಕೋ ಬೇಡವೋ ಅಂತ ಯಾರೋ ಚೇಷ್ಟೆ ಮಾಡಿದರು. ಮತ್ತೆ ನಗು. ನಾನೂ ನಕ್ಕೆನೇನೋ.

ಎಂಥಾ ಮಂದಿ ಇವರು. ಕಾಲ ಕೆಳಗಿನ ಬೆಂಕಿಯಲ್ಲಿ ಚಳಿ ಕಾಯಿಸಿಕೊಳ್ಳುವವರು. ಇವರಿಗಾಗಿ ನಾನು ಮೇಜು ಗುದ್ದಿದೆ.

ಮಾರ್ಚ್ ೧೦, ಸೋಮವಾರ

ಅವರಿಗೇ ಬೇಡವಾದ ಮೇಲೆ ನಾನು ಯಾರು ಹೇರಲಿಕ್ಕೆ? ಬಹುಮತ ಅಂದರೆ ಬಹುಮತ. ಸರ್‌ಗೆ ಫೋನು ಮಾಡಿ ಹೇಳಿದೆ: ಸದ್ಯಕ್ಕೆ ಕೋಯ್ತಾ ಅಂತ ಇರಲಿ, ನಿಧಿ ಮೊದಲು ಆಗಲಿ, ಹೆಸರಿನ ಮಾತು ಎರಡನೇ ಹಂತದಲ್ಲಿ. ಶಾಣ್ಯಾಳಾದಿ ತಂಗೀ ಅಂದರು.

ಮಧ್ಯಾಹ್ನ ಊಟ ರುಚಿ ಅನಿಸಿತು.

ಏಪ್ರಿಲ್ ೧೪, ಸೋಮವಾರ. ಬೈಲಹೊಂಗಲ

ಬಾಬಾಸಾಹೇಬರ ಜಯಂತಿ. ಓಣಿ ತುಂಬ ನೀಲಿ. ಬುದ್ಧವಂದನೆ ಮುಗಿದ ಮೇಲೆ ನಾನೇ ಮಾತಾಡಿದೆ. ಒಂದು ಮೈ, ಒಂದು ಹೆಸರು ಅಂದಾಗ ಪೆಂಡಾಲು ಎದ್ದು ಚಪ್ಪಾಳೆ ತಟ್ಟಿತು. ಮೈ ಜುಮ್ಮೆಂದಿತು. ಕಾರ್ಖಾನೆಯ ವಕೀಲರೂ ಬಂದು ಹಾರ ಹಾಕಿದರು. ನನ್ನ ಕರಡು ಓದಿ, ಸರಕಾರದ ಕನ್ನಡಕ್ಕಿಂತ ನಿಮ್ಮ ಕನ್ನಡ ಚೊಕ್ಕ ಅಂದರು. ನಿಜವೇ ಹೇಳಬೇಕೆಂದರೆ ಇಷ್ಟು ದಿನದಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ.

ಕೆಂಚವ್ವ ಮೂರು ಬಸ್ಸು ಬದಲಿಸಿ ರಾಮದುರ್ಗದ ಕಡೆಯಿಂದ ಬಂದಿದ್ದಳು. ಹಂಗಾಮು ಮುಗಿದು ಊರಿಗೆ ಹೋಗಿದ್ದಾರೆ. ಏನೋ ಕೇಳುವುದಿತ್ತಂತೆ. ಕೂತಿರು, ಬಂದೆ ಅಂದೆ. ಗಣ್ಯರನ್ನು ಕಳಿಸಿ ಬರುವುದರೊಳಗೆ ಹೋಗಿದ್ದಳು. ಪೊಟ್ಟಣದಲ್ಲಿ ಕೊಟ್ಟಿದ್ದ ಅನ್ನ ಹಾಗೇ ಕುರ್ಚಿಯ ಮೇಲಿತ್ತು. ಬಿಸಿಲಲ್ಲಿ ಕೆಟ್ಟುಹೋಯಿತು.

ಏಪ್ರಿಲ್ ೨೭, ರವಿವಾರ

ಇಡೀ ದಿನ ಒಂದೇ ಕಲಮಿನ ಮೇಲೆ ಕೂತೆ. ವಕೀಲರ ವಾದ ಹೀಗಿತ್ತು: ಅಪಘಾತದಲ್ಲಿ ಒಂದು ಅರ್ಧ ಹೋದರೆ ಕೋಯ್ತಾವೇ ಮುರಿದಂತೆ, ಮುರಿದ ಕೋಯ್ತಾಕ್ಕೆ ಪರಿಹಾರ ಹೇಗೆ? ಇದನ್ನು ಒಪ್ಪಿದ್ದರೆ ಲಗಮಪ್ಪನಿಗೆ ಮೂರು ಕಾಸೂ ಬರುತ್ತಿರಲಿಲ್ಲ. ನಾನು ದಾರಿ ಹುಡುಕಿದೆ. ಬರೆದದ್ದು ಇದು:

"ಕೋಯ್ತಾದ ಒಂದು ಅರ್ಧವು ಅಪಘಾತದಿಂದ ಅಶಕ್ತವಾದಲ್ಲಿ, ಜೋಡಿಯನ್ನು ಬೇರೊಬ್ಬರಿಂದ ತುಂಬಿಸಿ ಕೋಯ್ತಾ ಚಾಲ್ತಿಯಲ್ಲಿಟ್ಟರೆ, ಪರಿಹಾರವು ಸದರಿ ಚಾಲ್ತಿ ಕೋಯ್ತಾಕ್ಕೆ ಸಲ್ಲತಕ್ಕದ್ದು."

ಮೂರು ಸಲ ಜೋರಾಗಿ ಓದಿಕೊಂಡೆ. ಎಲ್ಲೂ ಎಡವುವುದಿಲ್ಲ. ವಕೀಲರು ಒಂದು ಕಾಮಾ ಸಹ ತಿದ್ದಲಿಲ್ಲ. ಎತ್ತಿನ ಕಲಮು ಮರಾಠಿಯಲ್ಲಿದ್ದಂತೆಯೇ ಉಳಿಯಿತು, ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಪೂನಮ್ ಜೋಡಿ ತುಂಬಿದ್ದು ಒಳ್ಳೆಯದೇ ಆಯಿತು.

ಮೇ ೨೦, ಮಂಗಳವಾರ. ರಾಮದುರ್ಗ

ಬಿಸಿಲು ಕಾದ ಹಂಚು. ಬಸ್ಸು ಇಳಿದು ಕೆಂಚವ್ವನ ಊರಿಗೆ ಟಂಟಂ ಆಟೋ ಹಿಡಿದು ಹೋದೆ. ಹಳೆಯ ಅರ್ಧದವರು ತಮ್ಮ ಜಾಗ ತುಂಬಿದೆ ಅಂತ ಒಪ್ಪಿಗೆಯ ಹೆಬ್ಬೆಟ್ಟು ಕೊಡಬೇಕು, ಆಮೇಲೆ ಚೆಕ್ಕು.

ಅಲ್ಲಿ ಹೋದ ಮೇಲೆ ತಿಳಿಯಿತು. ಹೋದ ವಾರ ಎಲ್ಲಮ್ಮನ ಗುಡ್ಡದಲ್ಲಿ ಲಗಮಪ್ಪ ಪೂನಮ್‌ಗೆ ತಾಳಿ ಕಟ್ಟಿದ್ದಾನೆ. ಜೋಡಿ ಅಂದರೆ ಗಂಡ ಹೆಂಡತಿಯೇ ಆಗಬೇಕು, ನಾಳೆ ಕಾರ್ಖಾನೆಯವರು ತಕರಾರು ತೆಗೆದರೆ ಎಲ್ಲ ಹೋಗುತ್ತದೆ ಅಂತ ಭೀಮಶಿ ಹೆದರಿಸಿದನಂತೆ. ನಾವು ನಿಯಮದಲ್ಲಿ ಜೋಡಿ ಅಂತ ಬರೆದಿದ್ದೇವೆ, ಮದುವೆ ಅಂತ ಎಲ್ಲೂ ಬರೆದಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ. ಅವರ ಮನೆಯ ವಿಷಯ ಅವರದು.

ಪೂನಮ್ ನೀರು ತಂದುಕೊಟ್ಟು ಒಳಗೆ ಹೋದಳು. ಕೆಂಚವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾಗದ ಓದಿ ಹೇಳಿ ಮಸಿಯ ಡಬ್ಬಿ ತೆಗೆದಿಟ್ಟೆ. ಡಬ್ಬಿ ನೋಡಿದಳು, ನನ್ನ ನೋಡಿದಳು.

"ನಾ ಇಲ್ಲಂತ ನಾನs ಒತ್ತಬೇಕೇನ್ರಿ?"

ಹಾಗಲ್ಲ, ಇದು ಬರೀ ಪದ್ಧತಿ ಅಂದೆ. ಇಲ್ಲದಿದ್ದರೆ ನಿನ್ನ ಗಂಡನಿಗೆ ಚೆಕ್ಕು ಬರುವುದಿಲ್ಲ ಅಂದೆ.

"ಗಂಡನ್ನ ಕೊಟ್ಟೆ. ತಂಗೀನ್ನ ಕೊಟ್ಟೆ. ಮನ್ಯಾಗಿನ ಮೂಲಿ ನನಗ ಉಳದೈತಿ. ಇನ್ನ ಇದನ್ನೂ ಕೊಡು ಅಂತೀರಿ. ಕೊಡಂಗಿಲ್ಲ ಹೋಗ್ರಿ."

ಹೋಗ್ರಿ ಅಂದಳು ನನಗೆ. ಈ ಬಿಸಿಲಲ್ಲಿ ಅಷ್ಟು ದೂರ ಹೋದವಳಿಗೆ. ಒಬ್ಬಳ ಹಟಕ್ಕೆ ಎಷ್ಟು ಜನರ ಕೆಲಸ ನಿಲ್ಲಬೇಕು? ಸಂಘಟನೆ ಅಂದರೆ ತನ್ನೊಬ್ಬಳ ನೋವಲ್ಲ ಅಂತ ಇವರಿಗೆ ಯಾವಾಗ ತಿಳಿಯುತ್ತದೆ? ವಕೀಲರಿಗೆ ಫೋನು ಮಾಡಿದೆ. ಕೋಯ್ತಾ ಲಗಮಪ್ಪನ ಹೆಸರಲ್ಲಿದೆಯಲ್ಲ, ಅವನ ಸಹಿಯೊಂದೇ ಸಾಕು ಅಂದರು. ಮೊದಲೇ ಹೊಳೆಯಬೇಕಿತ್ತು ನನಗೆ.

ಜೂನ್ ೨೨, ರವಿವಾರ. ಕಿತ್ತೂರು

ನಿಧಿಯ ಮೊದಲ ಚೆಕ್ಕು ಹಂಚಿದೆವು. ಕಿಕ್ಕಿರಿದ ಜನ. ವೇದಿಕೆಯ ಮೇಲೆ ಲಗಮಪ್ಪ, ಪಕ್ಕದಲ್ಲಿ ಪೂನಮ್. ತಲೆ ಎತ್ತಮ್ಮಾ ಅಂತ ಫೋಟೋದವನು ಬೇಡಿಕೊಂಡ, ಎತ್ತಲಿಲ್ಲ, ನಾಚಿಕೆ. ನನಗೆ ಶಾಲು ಹೊದಿಸಿದರು. ಕಲಬುರಗಿ ಕಡೆಯ ಸಂಘದವರು ಬಂದು, ನಿಮ್ಮ ನಿಯಮ ಕೊಡಿ, ನಮ್ಮ ಕಡೆಗೆ ಹೊಂದಿಸಿಕೊಳ್ಳುತ್ತೇವೆ ಅಂದರು. ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಇನ್ನೂ ಮುಂದೆ ಹೋಗುತ್ತದೆ. ಚಳವಳಿ ಬೆಳೆಯುವುದು ಹೀಗೇ.

ಕೆಂಚವ್ವ ಬಂದಿರಲಿಲ್ಲ. ಕರೆ ಕಳಿಸಿದ್ದೆ.

ಸೆಪ್ಟೆಂಬರ್ ೮, ಸೋಮವಾರ. ಬೈಲಹೊಂಗಲ

ಸವದತ್ತಿ ಕೋರ್ಟಿನಿಂದ ನೋಟೀಸು. ಆ ಹೆಂಗಸು ಸರಕಾರದ ಉಚಿತ ವಕೀಲರನ್ನು ಹಿಡಿದು, ನೂರು ವರ್ಷದ ಹಳೆಯ ಪರಿಹಾರ ಕಾಯ್ದೆಯಲ್ಲಿ ಅರ್ಜಿ ಹಾಕಿದ್ದಾಳೆ. ತಾನು ಕೆಲಸಗಾರ್ತಿ, ಕೈ ತನ್ನದು, ಪರಿಹಾರ ತನ್ನ ಹೆಸರಿಗೆ ಬೇಕು. ಎದುರುದಾರರು: ಕಾರ್ಖಾನೆ, ಮುಕಾದಮ ಭೀಮಶಿ, ನಿಯಮಕ್ಕೆ ಸಹಿ ಹಾಕಿದ್ದಕ್ಕೆ ನಮ್ಮ ಸಂಘ. ನಮ್ಮನ್ನು ಎದುರಿಗೆ ನಿಲ್ಲಿಸಿದ್ದಾಳೆ. ಭೀಮಶಿಯ ಸಾಲಿನಲ್ಲಿ.

ಸರ್ ಬಂದು ಕೂತರು. ತಲೆಯ ಮೇಲೆ ಕೈ. ಕೋರ್ಟು ಆಕೆಯನ್ನು ಕೆಲಸಗಾರ್ತಿ ಅಂದರೆ ಕೋಯ್ತಾದ ಲೆಕ್ಕವೇ ಬೀಳುತ್ತದೆ, ಬಿದ್ದರೆ ಕಾರ್ಖಾನೆಗಳು ನಿಧಿಯಿಂದ ಹಿಂದೆ ಸರಿಯುತ್ತವೆ. ಕಟ್ಟಿದ್ದೆಲ್ಲ ಮಣ್ಣು. ಆಕೆಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಂದೆ. ನೀನೇ ಅಲ್ಲವೇ ತಂಗೀ ಅಂದರು ಸರ್, ನಕ್ಕು. ನನಗೆ ನಗು ಬರಲಿಲ್ಲ.

ಉತ್ತರ ಬರೆದೆ. ಅರ್ಜಿದಾರಳು ಸದರಿ ಕೋಯ್ತಾದ ಭಾಗವಾಗಿ ಈಗ ಇರುವುದಿಲ್ಲವೆಂದೂ, ಪರಿಹಾರವು ನಿಯಮದಂತೆ ಸಂದಾಯವಾಗಿದೆಯೆಂದೂ. ಎರಡು ಪುಟದೊಳಗೆ ಮುಗಿಸಿದೆ.

ಅಕ್ಟೋಬರ್ ೧೪, ಮಂಗಳವಾರ. ಸವದತ್ತಿ

ಕೋರ್ಟಿನಲ್ಲಿ ದಿನವಿಡೀ ಹೋಯಿತು. ಕಾರ್ಖಾನೆಯ ಪರವಾಗಿ ಪೂನಮ್‌ಳನ್ನು ಸಾಕ್ಷಿಗೆ ಕರೆಸಿದ್ದರು. ಹೇಳಬೇಕಾದ್ದು ಇಷ್ಟೇ: ಲಗಮಪ್ಪನ ಜೋಡಿ ನಾನು, ಚೆಕ್ಕು ನಮಗೆ ಮುಟ್ಟಿದೆ. ಹೊರಗೆ ಬೇವಿನ ಮರದ ಕೆಳಗೆ ಲಗಮಪ್ಪ ಅದನ್ನೇ ಹೇಳಿಸುತ್ತಿದ್ದ. ನಾನೂ ಒಂದು ಸಲ ಹೇಳಿಕೊಟ್ಟೆ. ಹೂಂ ಅಂದಿದ್ದಳು.

ಅರ್ಜಿದಾರಳು ಬೆಂಚಿನ ತುದಿಗೆ ಕೂತಿದ್ದಳು. ತುಂಬ ಸೊರಗಿದ್ದಾಳೆ. ತೋಳಿಗೆ ಸೆರಗು ಮುಚ್ಚಿರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಪೂನಮ್ ಕಟಕಟೆ ಏರಿದಳು. ಜೋಡಿ ಯಾರು ಅಂತ ವಕೀಲರು ಕೇಳಿದರು. ನಾನು ಅಂದಳು. ಚೆಕ್ಕು ಮುಟ್ಟಿತೇ? ಮುಟ್ಟಿತು. ಅಲ್ಲಿಗೆ ಮುಗಿಯಬೇಕಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದು, ಅಪಘಾತದ ದಿನ ಹೊರೆ ಹೊತ್ತವರು ಯಾರಮ್ಮಾ ಅಂತ ಕೇಳಿದರು.

ಹುಡುಗಿ ಲಗಮಪ್ಪನ ಕಡೆ ನೋಡಿದಳು. ಆಮೇಲೆ ಅಕ್ಕನ ಕಡೆ.

"ನಮ್ಮಕ್ಕ ರೀ ಸಾಹೇಬ್ರ. ಏಳು ಹಂಗಾಮು ಆಕೀನs ಹೊತ್ತಾಕಿ. ನಾ ಆಕಿ ಜಾಗಾದಾಗ ನಿಂತೇನಿ ಅಂತ ಇವರೆಲ್ಲಾ ಹೇಳ್ತಾರ. ಆಕಿ ಕೆಲಸಾನs ಮಾಡಿಲ್ಲಂದ್ರ, ನಾ ಯಾರ ಜಾಗಾದಾಗ ನಿಂತೇನ್ರಿ?"

ವಕೀಲರು ಕಾಗದ ತಿರುವುತ್ತಿದ್ದರು. ಅವರು ಏಳುವ ಮೊದಲೇ ನಾನು ಎದ್ದೆ. ಸಂಘದ ತಕರಾರಿದೆ ಅಂದೆ. ಸಾಕ್ಷಿಗೆ ನಿಯಮದ ತಿಳಿವಳಿಕೆ ಇಲ್ಲ, ಈ ಮಾತನ್ನು ದಾಖಲೆಗೆ ತೆಗೆದುಕೊಳ್ಳಬಾರದು ಅಂದೆ. ದನಿ ನಡುಗಲಿಲ್ಲ. ಮೇಜಿನ ಮೇಲೆ ಕೈಯೂರಿ, ಕಲಮಿನ ನಂಬರು ಸಮೇತ ಹೇಳಿದೆ.

ನ್ಯಾಯಾಧೀಶರು ಏನೋ ಬರೆದುಕೊಂಡರು. ಆದೇಶಕ್ಕೆ ಮುಂದಿನ ತಿಂಗಳು ಇಟ್ಟಿದ್ದಾರೆ. ಏನಾಗುತ್ತದೋ.

ಕೆಂಚವ್ವ ನನ್ನನ್ನೇ ನೋಡುತ್ತಿದ್ದಳು. ನೀರು ಬೇಕೇನೋ ಅಂದುಕೊಂಡೆ. ಬಾಟಲಿ ಚಾಚಿದೆ. ತೆಗೆದುಕೊಳ್ಳಲಿಲ್ಲ.

ಹೊರಗೆ ಬಂದಾಗ ಲಗಮಪ್ಪ ಪೂನಮ್‌ಗೆ ಎರಡು ಬಿಗಿದಿದ್ದನಂತೆ, ನಾನು ನೋಡಿಲ್ಲ. ಬೈಲಹೊಂಗಲದ ಬಸ್ಸು ತುಂಬಿ ಬಾಗಿಲಿಗೆ ಮಂದಿ ಜೋತುಬಿದ್ದಿದ್ದರು. ವಕೀಲರು ಕಾರು ನಿಲ್ಲಿಸಿದರು. ಹತ್ತಿದೆ. ಇವತ್ತು ಬೀಳೂ ಕೇಸು ನೀವೇ ಹಿಡಿದಿರಿ ಅಕ್ಕಾರ ಅಂದರು. ಅವರೂ ದಣಿದಿದ್ದರು.

ಸಂತೆಯ ತಿರುವಿನಲ್ಲಿ ಅಕ್ಕತಂಗಿಯರು ಇಬ್ಬರೇ ನಡೆದು ಹೋಗುತ್ತಿದ್ದರು. ಲಗಮಪ್ಪ ಜತೆಗಿರಲಿಲ್ಲ. ಸಣ್ಣವಳ ಕೆನ್ನೆ ಊದಿತ್ತು. ದೊಡ್ಡವಳು ಎಡಗೈಯಿಂದ ಅವಳ ಭುಜ ಹಿಡಿದುಕೊಂಡಿದ್ದಳು. ವಕೀಲರು ಗಾಡಿ ನಿಧಾನ ಮಾಡಿ, ಪಾಪ, ಬಸ್‌ಸ್ಟ್ಯಾಂಡಿನ ತನಕ ಬಿಡೋಣೇನು ಅಂತ ಕೇಳಿದರು.

ಬೇಡ, ಅವರು ರಾಮದುರ್ಗದ ಕಡೆ ಹೋಗುವವರು ಅಂದೆ.